ಎರಡು ಭಾಷೆ ಬರಬೇಕಾದ್ದು ಯಾರಿಗೆ?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ (ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರು) ಹುಡುಗ, ಬಿ.ಎ. ಎರಡನೇ ವರ್ಷ. ಮನೆಯಲ್ಲಿ ತೆಲುಗು, ಓದಿದ್ದೆಲ್ಲ ಕನ್ನಡ. ಕಾಲೇಜಿನ ಭಾಷಣ ಸ್ಪರ್ಧೆಗೆ ‘ಎರಡು ಭಾಷೆಗಳ ದೇಶಕ್ಕೆ ನೀವೇ ನಾಯಕರಾದರೆ ಯಾವ ನೀತಿ ತರುತ್ತೀರಿ’ ಅಂತ ವಿಷಯ ಕೊಟ್ಟಿದ್ದರು. ‘ಎಲ್ಲರಿಗೂ ಎರಡೂ ಭಾಷೆ ಕಡ್ಡಾಯ ಮಾಡುತ್ತೇನೆ, ಆಗ ಜಗಳವೇ ಇರಲ್ಲ’ ಅಂದೆ. ತೀರ್ಪುಗಾರರು ‘ಅದರ ಖರ್ಚು ಯಾರಪ್ಪ ಕೊಡೋದು?’ ಅಂತ ಕೇಳಿದರು. ನನಗೆ ಬಾಯೇ ಬರಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ: ತಮ್ಮಾ, ಬಾಯಿ ಬರದೆ ಇದ್ದದ್ದಕ್ಕೆ ನಾಚಿಕೊಳ್ಳಬೇಡ. ಆ ಪ್ರಶ್ನೆಗೆ ದೊಡ್ಡ ದೊಡ್ಡ ದೇಶಗಳೇ ತಲೆ ಕೆರೆದುಕೊಂಡಿವೆ. ಆದರೆ ನಿನ್ನ ಉತ್ತರದ ಬುಡದಲ್ಲೇ ಒಂದು ಎಡವಟ್ಟಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ಭಾಷೆಗಳ ದೇಶದಲ್ಲಿ ಎರಡೂ ಭಾಷೆ ಬರಬೇಕಾದ್ದು ಸರ್ಕಾರಕ್ಕೆ. ಜನರು ತಮ್ಮ ಒಂದೇ ಭಾಷೆಯಲ್ಲಿ ಹುಟ್ಟಿ, ಓದಿ, ಹೊಲ ಕೊಂಡು, ಮಗಳ ಮದುವೆ ಮಾಡಿ, ಕೊನೆಗೊಂದು ದಿನ ಸಾಯಲಿ, ಅವರನ್ನು ಯಾರೂ ಏನೂ ಕೇಳಬಾರದು. ಕೌಂಟರಿನ ಹಿಂದೆ ಕೂತು ಸಂಬಳ ತಗೊಳ್ಳುವವನು ಎರಡೂ ಕಲಿಯಲಿ. ನೀನು ಹೊರೆಯನ್ನು ತಂದು ಮುದುಕಿಯ ತಲೆ ಮೇಲೆ ಇಟ್ಟೆ. ನಾನು ಅದನ್ನು ಗುಮಾಸ್ತನ ಮೇಜಿನ ಮೇಲೆ ಇಡುತ್ತೇನೆ. ನಿನಗೂ ನನಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ನಾನು 31 ವರ್ಷ ಕೋರ್ಟುಗಳಲ್ಲಿ ಭಾಷಾಂತರಕಾರನಾಗಿದ್ದವನು, ಮೊದಲು ಬಳ್ಳಾರಿ ಕಡೆ, ಆಮೇಲೆ ರಾಯಚೂರು ಕಡೆ. ಭಾಷಾ ಕಾನೂನುಗಳನ್ನು ಓದುವ ಚಟ ಹತ್ತಿದ್ದು ಅಲ್ಲೇ. ಚಟ ಹತ್ತಿಸಿದ್ದು ಒಬ್ಬ ರೈತ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರ ಗೋಳು ನಿನಗೆ ಗೊತ್ತೇ ಇದೆ, ಮೇಲಿನವರು ಪಂಪ್‌ಸೆಟ್ ಇಟ್ಟು ನೀರು ಎಳೆದುಕೊಳ್ಳುತ್ತಾರೆ, ಕೆಳಗಿನವರ ಗದ್ದೆ ಬಿರುಕು ಬಿಡುತ್ತದೆ. ಅಂಥದ್ದೇ ಒಂದು ಹೊಡೆದಾಟದ ಕೇಸು. ಯಾವ ಕೋರ್ಟು ಅಂತ ಬೇಡ. ಒಬ್ಬ ತೆಲುಗು ರೈತ ಕಟಕಟೆಯಲ್ಲಿ ನಿಂತು ‘ಕಾಲುವ ದಗ್ಗರಿಕಿ ಮಾ ತಮ್ಮುಣ್ಣಿ ಪಂಪಿಂಚಾನು’ ಅಂದ. ಕಾಲುವೆ ಹತ್ತಿರಕ್ಕೆ ನನ್ನ ತಮ್ಮನನ್ನು ಕಳಿಸಿದೆ ಅಂತ ಅರ್ಥ. ‘ಪಂಪಿಂಚು’ ಅಂದರೆ ತೆಲುಗಿನಲ್ಲಿ ಕಳಿಸು, ನಿನಗೆ ನಾನು ಹೇಳಬೇಕೇ? ಆದರೆ ಟೈಪ್ ಮಾಡುತ್ತಿದ್ದ ಹುಡುಗ ಧಾರವಾಡದ ಕಡೆಯವನು, ಬಂದು ಎರಡು ತಿಂಗಳಾಗಿತ್ತು. ಕೇಸೇ ಪಂಪ್‌ಸೆಟ್ಟಿನದ್ದು. ಅವನ ಕಿವಿಗೆ ಬಿದ್ದದ್ದು ಕಾಲುವೆ, ತಮ್ಮ, ಪಂಪು. ‘ಕಾಲುವೆಯ ಹತ್ತಿರ ನನ್ನ ತಮ್ಮನಿಂದ ಪಂಪ್ ಹಾಕಿಸಿದೆನು’ ಅಂತ ಹೊಡೆದುಬಿಟ್ಟ. ಜಗಳ ಬಿಡಿಸೋಕೆ ತಮ್ಮನನ್ನು ಕಳಿಸಿದವನು ಒಂದೇ ಸಾಲಿನಲ್ಲಿ ನೀರುಗಳ್ಳನಾದ. ಕೊನೆಗೆ ಹೇಳಿಕೆಯನ್ನು ಓದಿ ಹೇಳಿದರು. ಕನ್ನಡದಲ್ಲಿ, ಜೋರಾಗಿ, ಒಂದೇ ಉಸಿರಿನಲ್ಲಿ. ರೈತ ಎಲ್ಲದಕ್ಕೂ ತಲೆ ಆಡಿಸಿ ಹೆಬ್ಬೆಟ್ಟು ಒತ್ತಿದ. ಬೇರೆ ಕೇಸಿನ ಫೈಲು ಹಿಡಿದುಕೊಂಡು ನಾನು ಅಲ್ಲೇ ಮೂಲೆಯಲ್ಲಿ ಕೂತಿದ್ದೆ, ಆ ಸಾಲು ಕಿವಿಗೆ ಬಿತ್ತು, ಎದ್ದು ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ಒಳ್ಳೆಯವರು, ಅಲ್ಲೇ ತಿದ್ದಿಸಿದರು. ಅವತ್ತು ನಾನು ರಜೆಯಲ್ಲಿದ್ದಿದ್ದರೆ? ಅವನಿಗೆ ಕನ್ನಡ ಸುಮಾರಾಗಿ ಬರುತ್ತಿತ್ತು, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು. ಕೋರ್ಟಿನಲ್ಲಿ ಗಾಬರಿಯಾದ ಮನುಷ್ಯನಿಗೆ ಬಾಯಿಗೆ ಬರುವುದು ಅವ್ವನ ಭಾಷೆಯೇ.

ಹಾಗಾಗಿ ಆ ಕುರ್ಚಿ ನನಗೆ ಕೊಟ್ಟರೆ ನನ್ನ ಮೊದಲ ಆದೇಶ ಶಾಲೆಯ ಬಗ್ಗೆಯೂ ಅಲ್ಲ, ಬೋರ್ಡಿನ ಬಗ್ಗೆಯೂ ಅಲ್ಲ. ಪೊಲೀಸ್ ಠಾಣೆ, ಕೋರ್ಟು, ಆಸ್ಪತ್ರೆ, ಈ ಮೂರು ಕಡೆ ಮನುಷ್ಯ ಹೇಳಿದ ಮಾತನ್ನು ಅವನ ಭಾಷೆಯಲ್ಲೇ ಬರೆದುಕೊಳ್ಳಬೇಕು, ಪಕ್ಕದಲ್ಲಿ ಅನುವಾದ ಇರಬೇಕು, ಜೊತೆಗೆ ಧ್ವನಿ ರೆಕಾರ್ಡ್ ಆಗಬೇಕು. ರೆಕಾರ್ಡಿಂಗಿಗೆ ಈಗ ಏನು ಖರ್ಚು? ಕುರಿ ಕಾಯುವ ಹುಡುಗನ ಜೇಬಿನಲ್ಲೂ ಅದನ್ನು ಮಾಡುವ ಫೋನಿದೆ. ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳದೆ ಹಾಕಿಸಿಕೊಂಡ ಸಹಿ ಸಹಿಯೇ ಅಲ್ಲ.

ಇದು ಸಣ್ಣ ವಿಷಯ ಅಂತ ನಿನಗೆ ಅನ್ನಿಸಿದರೆ ಶ್ರೀಲಂಕಾ ನೋಡು. ಅಂತರ್ಯುದ್ಧ ಮುಗಿದ ಮೇಲೆ ಅಲ್ಲಿನ ಸರ್ಕಾರವೇ ಕೂರಿಸಿದ ಆಯೋಗ 2011ರಲ್ಲಿ ವರದಿ ಕೊಟ್ಟಿತು. ಅದರಲ್ಲಿದ್ದ ಒಂದು ಶಿಫಾರಸು ಏನು ಗೊತ್ತಾ? ಪೊಲೀಸ್ ಠಾಣೆಗಳಲ್ಲಿ 24 ಗಂಟೆಯೂ ಸಿಂಹಳ, ತಮಿಳು ಎರಡೂ ಭಾಷೆ ಬರುವ ಅಧಿಕಾರಿ ಇರಬೇಕು ಅಂತ. ಇಪ್ಪತ್ತಾರು ವರ್ಷ ರಕ್ತ ಹರಿದ ಮೇಲೆ ತಿರುಗಿ ಬಂದು ನಿಂತದ್ದು ಠಾಣೆಯ ಮೇಜಿನ ಮುಂದೆ. ಆಫ್ರಿಕಾದ ಕ್ಯಾಮರೂನಿನಲ್ಲಿ 2016ರಲ್ಲಿ ಬೀದಿಗಿಳಿದವರೂ ಮೊದಲು ವಕೀಲರು, ಆಮೇಲೆ ಮೇಷ್ಟ್ರುಗಳು. ಇಂಗ್ಲಿಷ್ ಪ್ರಾಂತ್ಯಗಳ ಕೋರ್ಟುಗಳಿಗೆ ಫ್ರೆಂಚ್ ಮಾತ್ರ ಬಲ್ಲ ನ್ಯಾಯಾಧೀಶರನ್ನು ಕಳಿಸಿದ್ದು ಅವರ ದೂರು. ಅಲ್ಲಿಂದ ಶುರುವಾದದ್ದು ಬಂದೂಕಿನವರೆಗೆ ಹೋಯಿತು.

ಇನ್ನು ಕೌಂಟರು. ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ಒಂದು ಬಟ್ಟೆ ಅಂಗಡಿಗೆ ಹೋಗು. ಅಂಗಡಿಯವನು ನಿನ್ನ ಮುಖ ನೋಡುತ್ತಾನೆ, ‘ಬರ್ರಿ, ಏನ್ ಬೇಕು’ ಅಂತಾನೆ, ನೀನು ಹೆಂಡತಿ ಜೊತೆ ತೆಲುಗಿನಲ್ಲಿ ಒಂದು ಮಾತಾಡಿದರೆ ಸಾಕು, ಮುಂದಿನ ವಾಕ್ಯ ‘ರಂಡಿ, ಕೂರ್ಚೋಂಡಿ’ (ತೆಲುಗಿನಲ್ಲಿ ಬನ್ನಿ, ಕೂತ್ಕೊಳ್ಳಿ) ಆಗಿರುತ್ತದೆ, ಪಕ್ಕದ ಗಿರಾಕಿಗೆ ಅದೇ ಉಸಿರಿನಲ್ಲಿ ಹಿಂದಿಯೋ ಉರ್ದುವೋ ಹೊರಡುತ್ತದೆ. ಅವನಿಗೆ ಯಾವ ಭಾಷಾ ನೀತಿಯೂ ಗೊತ್ತಿಲ್ಲ. ಗಿರಾಕಿ ಹೋಗಬಾರದು ಅಷ್ಟೇ. ಸರ್ಕಾರಿ ಕಚೇರಿಯಲ್ಲಿ ಗಿರಾಕಿ ಎಲ್ಲಿಗೂ ಹೋಗಲ್ಲ, ಅದಕ್ಕೇ ಅಲ್ಲಿ ಈ ಜಾಣತನ ತಾನಾಗಿ ಬರುವುದಿಲ್ಲ, ಕಾನೂನು ಮಾಡಬೇಕಾಗುತ್ತದೆ.

ಕೆನಡಾದವರು ಇದನ್ನು ಚೆನ್ನಾಗಿ ಹಿಡಿದಿದ್ದಾರೆ. ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಸಮ ಸ್ಥಾನ ಕೊಟ್ಟು ಅವರು ಕಾಯ್ದೆ ಮಾಡಿದ್ದು 1969ರಲ್ಲಿ. 1988ರ ಹೊಸ ಕಾಯ್ದೆಯಲ್ಲಿ ಇನ್ನೊಂದು ಮಾತು ಸೇರಿಸಿದರು: ಜನ ಕೇಳುವವರೆಗೆ ಕಾಯಬೇಡಿ, ನಿಮ್ಮ ಭಾಷೆಯಲ್ಲೂ ಮಾತಾಡಬಹುದು ಅಂತ ಸಿಬ್ಬಂದಿಯೇ ಮೊದಲು ತೋರಿಸಿಕೊಡಿ. ಅದಕ್ಕೇ ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ‘ಹಲೋ, ಬೊಂಜೂರ್’ ಅಂತ ಎರಡನ್ನೂ ಒಟ್ಟಿಗೆ ಹೇಳುತ್ತಾರೆ. ನೋಡೋಕೆ ನಾಟಕ ಅನ್ನಿಸಬಹುದು. ಆದರೆ ಕಚೇರಿಗೆ ಹೋದ ಬಡವ ‘ನನ್ನ ಭಾಷೆಯಲ್ಲಿ ಹೇಳ್ರೀ’ ಅಂತ ಕೇಳುವುದಿಲ್ಲ ತಮ್ಮಾ, ಎಲ್ಲಿ ಕೆಲಸ ಕೆಡುತ್ತದೋ ಅಂತ ಸುಮ್ನೆ ಇರುತ್ತಾನೆ. ಬಾಯಿ ಬಿಟ್ಟು ಕೇಳಿದವನಿಗೆ ಮಾತ್ರ ಕೊಡುವುದು ಹಕ್ಕಲ್ಲ, ಭಿಕ್ಷೆ.

ಅರ್ಜಿ ಫಾರಂ ವಿಷಯದಲ್ಲಿ ನನ್ನದೊಂದು ಹಟ ಇದೆ. ಎರಡು ಭಾಷೆಗೆ ಎರಡು ಬೇರೆ ಫಾರಂ ಮಾಡಬಾರದು. ಒಂದೇ ಹಾಳೆ, ಎಡಕ್ಕೊಂದು ಬಲಕ್ಕೊಂದು. ಬೇರೆ ಬೇರೆ ಮಾಡಿದರೆ ಸಣ್ಣ ಭಾಷೆಯ ಫಾರಂ ಯಾವಾಗಲೂ ಖಾಲಿಯಾಗಿರುತ್ತದೆ, ‘ನಾಳೆ ಬಾ’. ಒಂದೇ ಹಾಳೆಯಲ್ಲಿದ್ದರೆ ಖಾಲಿಯಾದ ದಿನ ದೊಡ್ಡ ಭಾಷೆಯವನೂ ಕೂಗಾಡುತ್ತಾನೆ, ಆಗ ಬೇಗ ಪ್ರಿಂಟ್ ಆಗುತ್ತದೆ.

ನೌಕರರಿಗೆ ಭಾಷೆ ಕಲಿಸುವುದು ಹೇಗೆ? ಇಲ್ಲಿ ಶ್ರೀಲಂಕಾ ಮಾಡಿದ್ದು ಮಾಡಲೇಬಾರದು. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾಯ್ದೆ ತಂದರು. ಆವರೆಗೆ ಇಂಗ್ಲಿಷಿನಲ್ಲಿ ಕೆಲಸ ಮಾಡಿಕೊಂಡಿದ್ದ ತಮಿಳು ನೌಕರರು ಸಿಂಹಳ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಮುಂದಕ್ಕೆ ದಾರಿಯಿಲ್ಲ ಅಂತಾಯಿತು. ಆ ಕಾಯ್ದೆಯ ಚರ್ಚೆಯಲ್ಲೇ ಕಾಲ್ವಿನ್ ಆರ್. ಡಿ ಸಿಲ್ವಾ ಅನ್ನುವ ಸಿಂಹಳ ಎಡಪಂಥೀಯ ನಾಯಕ ಎಚ್ಚರಿಸಿದ್ದರು, ಒಂದು ಭಾಷೆ ಅಂದರೆ ಎರಡು ದೇಶ, ಎರಡು ಭಾಷೆ ಅಂದರೆ ಒಂದು ದೇಶ ಅಂತ. ಯಾರು ಕೇಳಿದರು? ತಮಿಳೂ ಅಧಿಕೃತ ಭಾಷೆ ಅಂತ ಸಂವಿಧಾನದಲ್ಲಿ ಬರೆಯುವಷ್ಟರಲ್ಲಿ 1987 ಬಂದಿತ್ತು, ಊರೆಲ್ಲ ಹತ್ತಿ ಉರಿಯುತ್ತಿತ್ತು. ಪಾಕಿಸ್ತಾನ ಇನ್ನೂ ಮೊದಲೇ ಇದೇ ಗುಂಡಿಗೆ ಬಿದ್ದಿತ್ತು. ದೇಶದಲ್ಲಿ ಬಂಗಾಳಿ ಮಾತಾಡುವವರೇ ಜಾಸ್ತಿ, ಆದರೆ ಉರ್ದು ಒಂದೇ ಅಂದರು. 1952ರ ಫೆಬ್ರುವರಿ 21ರಂದು ಢಾಕಾದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1956ರ ಸಂವಿಧಾನದಲ್ಲಿ ಎರಡೂ ಭಾಷೆ ಒಪ್ಪಿಕೊಂಡರು, ಹೌದು, ಆದರೆ ಹಲ್ಲು ಕಿತ್ತಮೇಲೆ ಮುಲಾಮು ಹಚ್ಚಿದಂತೆ. 1971ಕ್ಕೆ ದೇಶವೇ ಎರಡಾಯಿತು. ಭಾಷೆಯೊಂದೇ ಕಾರಣ ಅನ್ನಲ್ಲ ನಾನು. ಮೊದಲ ಬಿರುಕು ಮಾತ್ರ ಅಲ್ಲೇ ಬಿದ್ದದ್ದು.

ನನ್ನ ನಿಯಮ ಹೀಗೆ. ಒಂದೇ ಭಾಷೆ ಬಂದರೂ ಕೆಲಸಕ್ಕೆ ತಗೋ. ಜನರ ಎದುರು ಕೂರುವ ಹುದ್ದೆಯಾದರೆ ಮೂರು ವರ್ಷದೊಳಗೆ ಇನ್ನೊಂದು ಕಲಿಯಲಿ, ಕಚೇರಿಯ ಹೊತ್ತಿನಲ್ಲೇ ಪಾಠ, ಸಂಬಳದ ಜೊತೆ. ಕಲಿತವನಿಗೆ ಕೈಗೆ ಕಾಸು ಸಿಗಲಿ. ಕೆನಡಾದಲ್ಲಿ ಎರಡು ಭಾಷೆಯ ಹುದ್ದೆಯ ಕೇಂದ್ರ ನೌಕರರಿಗೆ ವರ್ಷಕ್ಕೆ 800 ಡಾಲರ್ ಭತ್ಯೆ ಕೊಡುತ್ತಾರೆ. 1970ರ ದಶಕದಲ್ಲಿ ನಿಗದಿ ಮಾಡಿದ ಮೊತ್ತವನ್ನು ಇವತ್ತಿಗೂ ಏರಿಸಿಲ್ಲ ಅನ್ನೋದು ಬೇರೆ ಮಾತು, ಜಿಪುಣತನದಲ್ಲಿ ಸರ್ಕಾರಗಳೆಲ್ಲ ಒಂದೇ ತಾಯಿ ಮಕ್ಕಳು. ಪರೀಕ್ಷೆಯಲ್ಲಿ ದಯವಿಟ್ಟು ಸಂಧಿ ಸಮಾಸ ಕೇಳಬೇಡಿ. ಒಬ್ಬ ಮುದುಕಿಯನ್ನು ಕರೆತಂದು ಕೂರಿಸಿ, ಅವಳ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿದೆ, ಯಾಕೆ ನಿಂತಿತು ಅಂತ ಅವಳ ಭಾಷೆಯಲ್ಲಿ ತಿಳಿಸಿ ಹೇಳಲಿ. ಅವಳಿಗೆ ಅರ್ಥವಾದರೆ ಪಾಸು.

ಇಲ್ಲಿಂದ ಸ್ವಲ್ಪ ಒಣ ವಿಷಯ, ಆದರೆ ಬಿಡಬೇಡ. ಕಾನೂನನ್ನು ಯಾವ ಭಾಷೆಯಲ್ಲಿ ಬರೆಯುವುದು? ಒಂದರಲ್ಲಿ ಬರೆದು ಇನ್ನೊಂದಕ್ಕೆ ಅನುವಾದ ಮಾಡಿ ‘ಸಂದೇಹ ಬಂದರೆ ಮೂಲವೇ ಅಂತಿಮ’ ಅಂತ ಕೆಳಗೊಂದು ಸಾಲು ಹಾಕುವುದು ಎಲ್ಲರ ಅಭ್ಯಾಸ. ಆ ಒಂದು ಸಾಲು ಎರಡನೇ ಭಾಷೆಯನ್ನು ಕೊಂದುಹಾಕುತ್ತದೆ. ಕೆನಡಾದಲ್ಲಿ 1978ರಿಂದ ಕೇಂದ್ರದ ಕಾನೂನುಗಳನ್ನು ಇಬ್ಬರು ಜೊತೆಗೆ ಕೂತು ಬರೆಯುತ್ತಾರೆ, ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಫ್ರೆಂಚಿನಲ್ಲಿ. ಎರಡೂ ಮೂಲವೇ. ಭಾಷಾಂತರಕಾರನಾಗಿ ಹೇಳುತ್ತೇನೆ, ಇದರಲ್ಲಿ ದೊಡ್ಡ ಲಾಭ ಒಂದಿದೆ. ಒಂದು ವಾಕ್ಯ ಇನ್ನೊಂದು ಭಾಷೆಗೆ ಇಳಿಯುತ್ತಿಲ್ಲ ಅಂದರೆ ಎಷ್ಟೋ ಸಲ ಆ ವಾಕ್ಯಕ್ಕೇ ಅರ್ಥ ಇರುವುದಿಲ್ಲ. ಜೊತೆಗೆ ಬರೆದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಈ ನಿಯಮ ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ದೇಶದ ಮ್ಯಾನಿಟೋಬಾ ಪ್ರಾಂತ್ಯದ ಕಥೆ ಕೇಳು, ನನಗೆ ತುಂಬಾ ಇಷ್ಟವಾದ ಕಥೆ. 1870ರಲ್ಲಿ ಪ್ರಾಂತ್ಯ ಹುಟ್ಟಿದಾಗ ಕಾನೂನುಗಳು ಎರಡೂ ಭಾಷೆಯಲ್ಲಿರಬೇಕು ಅಂತ ಬರೆದಿದ್ದರು. 1890ರಲ್ಲಿ ಅಲ್ಲಿನ ಶಾಸನಸಭೆ ‘ಇಂಗ್ಲಿಷ್ ಒಂದೇ ಸಾಕು’ ಅಂತ ತೀರ್ಮಾನಿಸಿತು. ಸುಮಾರು 90 ವರ್ಷ ಹಾಗೇ ನಡೆಯಿತು. 1976ರಲ್ಲಿ ಜಾರ್ಜ್ ಫಾರೆಸ್ಟ್ ಎಂಬುವರಿಗೆ ಬರೀ ಇಂಗ್ಲಿಷಿನಲ್ಲಿದ್ದ ಒಂದು ಪಾರ್ಕಿಂಗ್ ದಂಡದ ಚೀಟಿ ಬಂತು. ನಾನು ಕಟ್ಟಲ್ಲ ಅಂದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 1979ರಲ್ಲಿ ಅವರೇ ಗೆದ್ದರು. 1985ರಲ್ಲಿ ಅದೇ ಕೋರ್ಟು ಇನ್ನೂ ಮುಂದೆ ಹೋಗಿ, ಬರೀ ಇಂಗ್ಲಿಷಿನಲ್ಲಿ ಮಾಡಿದ ಕಾನೂನುಗಳು ಕಾನೂನೇ ಅಲ್ಲ ಅಂದಿತು. ಎಲ್ಲ ರದ್ದಾದರೆ ಪ್ರಾಂತ್ಯದಲ್ಲಿ ಕಾನೂನೇ ಇಲ್ಲದಂತಾಗುತ್ತದೆ ಅಂತ, ಅನುವಾದ ಮುಗಿಯುವವರೆಗೆ ಮಾತ್ರ ಜೀವ ಕೊಟ್ಟಿತು. ಒಂದು ಪಾರ್ಕಿಂಗ್ ಚೀಟಿಯಿಂದ ಹೊರಟದ್ದು 90 ವರ್ಷದ ಕಾನೂನನ್ನೆಲ್ಲ ಮತ್ತೆ ಬರೆಸಿತು.

ಭಾಷೆ ಬದಲಿಸಿದ ದಿನ ಹಳೆಯ ಕಾಗದಗಳು ಬದಲಾಗುವುದಿಲ್ಲ ಅನ್ನುವುದನ್ನು ನಾನು ರಾಯಚೂರಿನಲ್ಲಿ ಕಲಿತೆ. ರಾಯಚೂರು, ಕೊಪ್ಪಳ ಎಲ್ಲ ನಿಜಾಮರ ಹೈದರಾಬಾದಿನಲ್ಲಿದ್ದವು, ಅಲ್ಲಿ ಆಡಳಿತ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ನಮ್ಮ ಮಾವ ಲಿಂಗಾಯತರು, ಮನೆಯಲ್ಲಿ ಅಪ್ಪಟ ಕನ್ನಡ, ಆದರೆ ಮಗ್ಗಿ ಹೇಳು ಅಂದರೆ ‘ದೋ ಏಕಂ ದೋ’ ಅಂತ ಶುರುಮಾಡುತ್ತಿದ್ದರು. ಶಾಲೆಯಲ್ಲಿ ಲೆಕ್ಕ ಕಲಿತ ಭಾಷೆ ಸಾಯುವವರೆಗೂ ಬಿಡಲಿಲ್ಲ. 1956ಕ್ಕೆ ರಾಜ್ಯಗಳು ಒಡೆದು ಸೇರಿದವು, ಕಚೇರಿಗೆ ಕನ್ನಡ ಬಂತು, ಬರಬೇಕಾದ್ದೇ. ಆದರೆ ಹೊಲದ ಹಳೆಯ ಸೇತ್ವಾರ್ ಅನ್ನುವ ಸರ್ವೆ ದಾಖಲೆ, 1954-55ರ ಖಾಸ್ರಾ ಪಹಣಿ, ಎಲ್ಲ ಉರ್ದುವಿನಲ್ಲಿವೆ. ಅಣ್ಣತಮ್ಮಂದಿರ ಪಾಲಿನ ಕೇಸು ಬಂದರೆ ಇವತ್ತಿಗೂ ಅದೇ ಕಾಗದ ಬೇಕು. ಅದನ್ನು ಓದಬಲ್ಲ ಒಬ್ಬ ಮುದುಕರಿದ್ದರು, ಅವರ ಮನೆ ಮುಂದೆ ವಕೀಲರ ಗುಮಾಸ್ತರು ಸಾಲು ನಿಲ್ಲುತ್ತಿದ್ದರು, ಅವರಿಗೆ ಜ್ವರ ಬಂದರೆ ಮೂರು ಕೇಸು ಮುಂದಕ್ಕೆ ಹೋಗುತ್ತಿದ್ದವು. ನಾನು ನಾಯಕನಾದರೆ ಹಳೆಯ ಆಡಳಿತ ಭಾಷೆಯ ಲಿಪಿ ಓದುವವರನ್ನು ತಯಾರು ಮಾಡುವುದನ್ನು ಒಂದು ಹುದ್ದೆಯನ್ನಾಗಿಯೇ ಇಡುತ್ತೇನೆ. ಇದು ಯಾವ ಪ್ರಣಾಳಿಕೆಯಲ್ಲೂ ಬರುವುದಿಲ್ಲ, ಓಟೂ ತರುವುದಿಲ್ಲ.

(ಮಸ್ಕಿಯ ಅಶೋಕನ ಶಾಸನ ನೋಡಿದ್ದೀಯಾ? 1915ರಲ್ಲಿ ಸಿಕ್ಕಿದ್ದು. ಇಲ್ಲೆಲ್ಲ ಅವನು ಬರೆಸಿದ್ದು ಪ್ರಾಕೃತದಲ್ಲಿ. ಅದೇ ಅಶೋಕ ಕಂದಹಾರದಲ್ಲಿ ಗ್ರೀಕ್ ಮತ್ತು ಅರಮೇಯಿಕ್, ಎರಡು ಭಾಷೆಯಲ್ಲಿ ಒಂದೇ ಬಂಡೆಯ ಮೇಲೆ ಕೆತ್ತಿಸಿದ. ಗಡಿಯ ಜನರಿಗೆ ಅವರ ಭಾಷೆ, ನಮಗೆ ಮಾತ್ರ ರಾಜಧಾನಿಯ ಭಾಷೆ! ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ದೂರು ಇದು, ಈಗ ಕೊಟ್ಟು ಪ್ರಯೋಜನ ಇಲ್ಲ.)

ಈಗ ಕಷ್ಟದ ಪ್ರಶ್ನೆ. ಎರಡು ಭಾಷೆಯ ಸೇವೆ ಎಲ್ಲಿ ಕೊಡಬೇಕು? ದೇಶದ ಪ್ರತಿ ಹಳ್ಳಿಯಲ್ಲೂ ಆಗುವುದಿಲ್ಲ. ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಬೆಲ್ಜಿಯಂ ಗೆರೆಯನ್ನು ನೆಲದ ಮೇಲೆ ಎಳೆಯಿತು. ಭಾಷೆ ಕೇಳುವ ಜನಗಣತಿಯೇ ಜಗಳದ ಮೂಲ ಅಂತ 1947ರ ನಂತರ ಆ ಪ್ರಶ್ನೆಯನ್ನೇ ಕೈಬಿಟ್ಟರು, 1960ರ ದಶಕದ ಆರಂಭದಲ್ಲಿ ಡಚ್ ಭಾಗ, ಫ್ರೆಂಚ್ ಭಾಗ ಅಂತ ಗಡಿ ಗಟ್ಟಿಮಾಡಿದರು. ಬ್ರಸೆಲ್ಸ್ ಎರಡೂ ಭಾಷೆಗೆ. ಶಾಂತಿ ಬಂತಾ? ಅರ್ಧ. ರಕ್ತ ಹರಿಯಲಿಲ್ಲ, ಅದು ದೊಡ್ಡದೇ. ಆದರೆ ಲ್ಯೂವೆನ್ ಊರಿನ ಹಳೆಯ ವಿಶ್ವವಿದ್ಯಾಲಯ 1968ರಲ್ಲಿ ಭಾಷೆಗಾಗಿ ಒಡೆದು, ಫ್ರೆಂಚ್ ಭಾಗಕ್ಕೆ ಹೊಸ ಊರೇ ಕಟ್ಟಬೇಕಾಯಿತು. ಗ್ರಂಥಾಲಯದ ಪುಸ್ತಕಗಳನ್ನು ಬೆಸ ಸಂಖ್ಯೆ ಒಬ್ಬರಿಗೆ, ಸರಿ ಸಂಖ್ಯೆ ಇನ್ನೊಬ್ಬರಿಗೆ ಅಂತ ಹಂಚಿಕೊಂಡರು. ಅಣ್ಣತಮ್ಮಂದಿರು ಪಾಲಾಗುವಾಗ ಜೋಡಿ ಎತ್ತು ಒಂದೊಂದು ಹೊಡೆದುಕೊಂಡು ಹೋಗುತ್ತಾರಲ್ಲ, ಹಾಗೆ. ಆಮೇಲೆ ಇಬ್ಬರಿಗೂ ನೇಗಿಲು ಹೂಡೋಕೆ ಆಗಲ್ಲ.

ನೆಲದ ಮೇಲಿನ ಗೆರೆ ಏನು ಮಾಡುತ್ತದೆ ಅನ್ನುವುದು ನಮ್ಮ ಮನೆಯಲ್ಲೇ ಇದೆ. ನಮ್ಮವ್ವ ಆದೋನಿಯವಳು, ಬಳ್ಳಾರಿಗೆ ಕೊಟ್ಟಿದ್ದರು. ಆಗ ಆದೋನಿ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು, ಎಲ್ಲವೂ ಮದ್ರಾಸಿಗೆ ಸೇರಿದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ಮೂರು ತಾಲ್ಲೂಕು ಅತ್ತ ಹೋದವು, ಏಳು ತಾಲ್ಲೂಕು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ಮೇಲಂತೂ ಎಷ್ಟು ಎಳೆದಾಟ ಅಂದರೆ ನ್ಯಾಯಮೂರ್ತಿ ಮಿಶ್ರಾ ಅವರನ್ನು ಕೂರಿಸಿ ತೀರ್ಮಾನ ಮಾಡಿಸಬೇಕಾಯಿತು. ‘ರಾತ್ರಿ ಮಲಗುವಾಗ ತವರು ಇಲ್ಲೇ ಇತ್ತು, ಬೆಳಗಾಗೋದ್ರೊಳಗೆ ಪರರಾಜ್ಯ ಆಗಿತ್ತು’ ಅಂತ ಅವ್ವ ನಗುತ್ತಿದ್ದಳು. ಅವಳು ದೇವರಿಗೆ ಕನ್ನಡದಲ್ಲಿ ಬೇಡಿಕೊಳ್ಳುತ್ತಿದ್ದಳು, ನಮಗೆ ತೆಲುಗಿನಲ್ಲಿ ಬೈಯುತ್ತಿದ್ದಳು. ಜನಗಣತಿಯವನು ಬಂದು ‘ಮಾತೃಭಾಷೆ ಯಾವುದವ್ವಾ’ ಅಂದರೆ ಪ್ರತಿ ಹತ್ತು ವರ್ಷಕ್ಕೊಮ್ಮೆ ನಮ್ಮಪ್ಪನ ಮುಖ ನೋಡುತ್ತಿದ್ದಳು. ನಮ್ಮ ಜನಗಣತಿಯಲ್ಲಿ ಮಾತೃಭಾಷೆಗೆ ಒಂದೇ ಜಾಗ, ಬಲ್ಲ ಇತರ ಭಾಷೆಗೆ ಎರಡು. ನಾನು ಮಾತೃಭಾಷೆಗೇ ಎರಡು ಜಾಗ ಕೊಡುತ್ತೇನೆ. ಎರಡು ಭಾಷೆಯ ದೇಶದಲ್ಲಿ ಎರಡು ಭಾಷೆಯ ಮನೆಗಳೇ ಲೆಕ್ಕಕ್ಕೆ ಸಿಗದಿದ್ದರೆ ಹೇಗೆ?

ಗೆರೆಯ ವಿಷಯದಲ್ಲಿ ನನಗೆ ಒಪ್ಪಿಗೆಯಾಗುವುದು ಫಿನ್ಲೆಂಡ್. ಅಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದೇ ಜನ, ಆದರೂ ಎರಡೂ ರಾಷ್ಟ್ರಭಾಷೆ. ಒಂದು ಊರಿನಲ್ಲಿ ಸಣ್ಣ ಭಾಷೆಯವರು ಶೇ 8 ಇದ್ದರೆ, ಅಥವಾ 3000 ಜನ ಇದ್ದರೆ, ಆ ಊರು ಎರಡು ಭಾಷೆಯ ಊರು. ಹತ್ತು ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಾರೆ. ಇದರಲ್ಲಿ ಜಾಣತನ ಎಲ್ಲಿದೆ ಅಂದರೆ, ಒಳಗೆ ಬರೋಕೆ ಶೇ 8 ಸಾಕು, ಆದರೆ ಹೊರಗೆ ಹಾಕಬೇಕಾದರೆ ಶೇ 6ಕ್ಕಿಂತ ಕೆಳಗೆ ಇಳಿಯಬೇಕು, 3000ಕ್ಕಿಂತಲೂ ಕಮ್ಮಿ ಇರಬೇಕು. ನಾಲ್ಕು ಮನೆಯವರು ಗುಳೆ ಹೋದರು ಅಂತ ಊರಿನ ಹಕ್ಕು ಹೋಗುವುದಿಲ್ಲ. ನಮ್ಮಲ್ಲೂ ಅಂಕಿಗಳಿವೆ. ಶೇ 30ರಷ್ಟು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಆ ರಾಜ್ಯವನ್ನು ದ್ವಿಭಾಷಾ ರಾಜ್ಯ ಅಂತ ನೋಡಬೇಕು, ಶೇ 15ರಿಂದ 20 ಇರುವ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು ಅಂತ ರಾಜ್ಯ ಪುನರ್ವಿಂಗಡಣೆ ಕಾಲದಲ್ಲೇ ಒಪ್ಪಿಕೊಂಡಿದ್ದಾರೆ. ನಿಮ್ಮ ಕ್ಯಾಂಪಿಗೆ ಎಂದಾದರೂ ತೆಲುಗಿನಲ್ಲಿ ನೋಟಿಸು ಬಂದಿದೆಯಾ? ಗಡಿಯಾಚೆ ಆದೋನಿಯ ಕನ್ನಡದವರಿಗೆ ಕನ್ನಡದಲ್ಲಿ ಬಂದಿದೆಯಾ ಅಂತಲೂ ಕೇಳು. ತಕ್ಕಡಿ ಎರಡೂ ಕಡೆ ಒಂದೇ ಇರಬೇಕು.

ಶಾಲೆಗೆ ಬರೋಣ, ನಿನ್ನ ‘ಕಡ್ಡಾಯ’ ಇರುವುದು ಇಲ್ಲೇ ಅಲ್ವಾ. ಐರ್ಲೆಂಡಿನವರು 1922ರಲ್ಲಿ ತಮ್ಮ ರಾಜ್ಯ ಕಟ್ಟಿಕೊಂಡಾಗಿನಿಂದ ಶಾಲೆಯಲ್ಲಿ ಐರಿಷ್ ಕಲಿಸುತ್ತಿದ್ದಾರೆ. ನೂರು ವರ್ಷವಾದ ಮೇಲೆ, 2022ರ ಜನಗಣತಿಯಲ್ಲಿ, ಶಾಲೆಯ ಹೊರಗೆ ದಿನಾ ಐರಿಷ್ ಮಾತಾಡುತ್ತೇವೆ ಅಂದವರು ಸುಮಾರು 72 ಸಾವಿರ. ಐವತ್ತು ಲಕ್ಷ ಜನರ ದೇಶದಲ್ಲಿ! ಪರೀಕ್ಷೆಗೆ ಓದಿದ ಭಾಷೆ ಪರೀಕ್ಷೆಯ ಜೊತೆಗೇ ಮುಗಿಯುತ್ತದೆ. ಫಿನ್ಲೆಂಡಿನಲ್ಲೂ ಸ್ವೀಡಿಷ್ ಕಡ್ಡಾಯದ ಬಗ್ಗೆ ಗೊಣಗಾಟ ನಿಂತೇ ಇಲ್ಲ, ಅದಕ್ಕೆ ‘ಬಲವಂತದ ಸ್ವೀಡಿಷ್’ ಅಂತಲೇ ಹೆಸರಿಟ್ಟಿದ್ದಾರೆ. ಇದೆಲ್ಲದರ ಮುಂದೆ ನಮ್ಮ ಬಳ್ಳಾರಿ ಹುಡುಗ ಯಾವ ಪುಸ್ತಕವೂ ಇಲ್ಲದೆ ಬೀದಿಯಲ್ಲಿ ಗೋಲಿ ಆಡುತ್ತಾ ಎರಡು ಭಾಷೆ ಕಲಿತುಬಿಡುತ್ತಾನೆ.

ನಾನಾಗಿದ್ದರೆ ಮೊದಲ ಐದು ವರ್ಷ ಮನೆಯ ಭಾಷೆಯಲ್ಲೇ ಪಾಠ. ನಮ್ಮ ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠಕ್ಕೆ ಅನುಕೂಲ ಮಾಡಿಕೊಡಿ ಅನ್ನುತ್ತದೆ. ಎರಡನೇ ಭಾಷೆ ಒಂದನೇ ತರಗತಿಯಿಂದಲೇ ಬರಲಿ, ಆದರೆ ಬರೀ ಬಾಯಲ್ಲಿ, ಹಾಡು, ಒಗಟು, ಆಟ. ಓದು ಬರಹ ಮೂರನೇ ತರಗತಿಯಿಂದ. ಎಂಟನೇ ತರಗತಿವರೆಗೆ ಅದರಲ್ಲಿ ಫೇಲ್ ಅನ್ನುವ ಮಾತೇ ಇಲ್ಲ. ಎರಡು ಭಾಷೆಯ ಊರಾದರೆ ಎರಡು ಮಾಧ್ಯಮದ ಶಾಲೆಗೂ ಒಂದೇ ಅಂಗಳ, ಒಂದೇ ಬಿಸಿಯೂಟ. ಬೇರೆ ಬೇರೆ ಕಾಂಪೌಂಡ್ ಕಟ್ಟಿದರೆ ಬೇರೆ ಬೇರೆ ದೇಶ ಕಟ್ಟಿದಂತೆ.

ತಂದೆತಾಯಿ ಒಪ್ಪದಿದ್ದರೆ? ಬಲವಂತ ಮಾಡಲ್ಲ. ಮಾಡೋಕೂ ಆಗಲ್ಲ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟು 2014ರಲ್ಲಿ ನಮ್ಮ ಕರ್ನಾಟಕದ ಕೇಸಿನಲ್ಲೇ ಹೇಳಿದೆ. ಆ ತೀರ್ಪು ಬಂದಾಗ ನನಗೆ ಬೇಜಾರಾಗಿತ್ತು. ಈಗ ಅನ್ನಿಸುತ್ತದೆ, ತಾಯಂದಿರು ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿನ ಹಿಂದೆ ಓಡುವುದು ಕೆಲಸದ ಆಸೆಗೆ. ಕೆಲಸವನ್ನು ಮನೆಯ ಭಾಷೆಯ ಪಕ್ಕ ತಂದಿಟ್ಟರೆ ಬಸ್ಸು ತಾನೇ ಖಾಲಿಯಾಗುತ್ತದೆ. ಆಗಲೇ ಹೇಳಿದೆನಲ್ಲ, ಕೌಂಟರಿನಲ್ಲಿ ಕೂರುವವನಿಗೆ ಭತ್ಯೆ, ಕಾನೂನು ಬರೆಯುವವರು ಜೋಡಿ, ಪ್ರತಿ ಠಾಣೆಗೆ ಒಬ್ಬ ಅನುವಾದಕ. ಎಷ್ಟು ಹುದ್ದೆ ಆಯಿತು ಲೆಕ್ಕ ಹಾಕು.

ಅಂಗಡಿ ಬೋರ್ಡಿನ ಬಗ್ಗೆ ಕೇಳಿಲ್ಲ ನೀನು, ಒಳ್ಳೆಯದೇ ಆಯಿತು. ಎಲ್ಲ ನಾಯಕರೂ ಅಲ್ಲಿಂದ ಶುರುಮಾಡುತ್ತಾರೆ, ಯಾಕೆಂದರೆ ಬಣ್ಣ ಬಳಿದರೆ ಫೋಟೊ ಬರುತ್ತದೆ. ನಾನು ಔಷಧಿ ಚೀಟಿ, ಗೊಬ್ಬರದ ಚೀಲ, ಕೀಟನಾಶಕದ ಡಬ್ಬಿ, ಇವುಗಳ ಮೇಲೆ ಎರಡೂ ಭಾಷೆ ಕಡ್ಡಾಯ ಮಾಡುತ್ತೇನೆ. ಬೋರ್ಡು ಓದದೆ ಯಾರೂ ಸತ್ತಿಲ್ಲ.

ಮತ್ತೆ, ಎರಡು ಭಾಷೆಯ ದೇಶ ಅಂತ ನೀನೂ ನಾನೂ ಹೇಳುತ್ತಾ ಕೂತಾಗ ಮೂರನೆಯವನು ಬಾಗಿಲಲ್ಲಿ ನಿಂತಿರುತ್ತಾನೆ. ಬೆಲ್ಜಿಯಮ್ಮಿನಲ್ಲಿ ಜರ್ಮನ್ ಭಾಷೆಯವರಿದ್ದಾರೆ, ಅದು ಮೂರನೇ ಅಧಿಕೃತ ಭಾಷೆ. ಫಿನ್ಲೆಂಡಿನ ಉತ್ತರದಲ್ಲಿ ಸಾಮಿ ಜನ. ನಿಮ್ಮ ಸಿಂಧನೂರಿನಲ್ಲೇ ನೋಡು, ತೆಲುಗು ಕ್ಯಾಂಪುಗಳ ಆಚೆ ನಿರಾಶ್ರಿತರ ಪುನರ್ವಸತಿಯ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಅವರಿಗೆಲ್ಲ ಕಾನೂನಿನ ಪುಸ್ತಕ ಅಚ್ಚು ಮಾಡೋಕೆ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ನಾನು ಮೊದಲು ಹೇಳಿದ ಮೂರು ಜಾಗದಲ್ಲಿ ಅವರ ಮಾತಿಗೂ ಕಿವಿ ಇರಬೇಕು.

ಇದನ್ನೆಲ್ಲ ನೋಡಿಕೊಳ್ಳೋರು ಯಾರು? ನಮ್ಮಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಅಂತ ಒಂದು ಹುದ್ದೆ 1957ರಿಂದ ಇದೆ, ಸಂವಿಧಾನದ 350ಬಿ ಪ್ರಕಾರ. ವರದಿ ಬರೆಯುತ್ತಾರೆ, ಅದು ಸಂಸತ್ತಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಕೆನಡಾದ ಭಾಷಾ ಆಯುಕ್ತರ ಕೈಗೂ ಬಹಳ ಕಾಲ ಬರೀ ಪೆನ್ನೇ ಇತ್ತು, 2023ರ ತಿದ್ದುಪಡಿಯಲ್ಲಿ ಆದೇಶ ಮಾಡುವ ಅಧಿಕಾರ ಬಂತು. ನನ್ನ ದೇಶದಲ್ಲಿ ಮೊದಲ ದಿನದಿಂದಲೇ ಕೊಡುತ್ತೇನೆ. ಬೀಗದ ಕೈ ಇಲ್ಲದ ಕಾವಲುಗಾರ ಯಾಕೆ ಬೇಕು?

ಕೊನೆಗೆ ನಿನ್ನ ತೀರ್ಪುಗಾರರ ಪ್ರಶ್ನೆ, ಖರ್ಚು. ಒಂದು ಕೆಲಸ ಮಾಡು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಯಾವುದಾದರೂ ತಾಲ್ಲೂಕು ಕಚೇರಿ ಮುಂದೆ ಹೋಗಿ ನಿಲ್ಲು. ಬೇವಿನ ಮರದ ಕೆಳಗೆ ಸಣ್ಣ ಮೇಜು ಹಾಕಿಕೊಂಡು ಅರ್ಜಿ ಬರೆಯುವವರು ಕೂತಿರುತ್ತಾರೆ. ಎಷ್ಟು ಜನ ಕೂತಿದ್ದಾರೆ ಎಣಿಸು, ಒಂದು ಅರ್ಜಿಗೆ ಎಷ್ಟು ತಗೊಳ್ಳುತ್ತಾರೆ ಕೇಳು, ಒಬ್ಬೊಬ್ಬರ ಮುಂದೆ ಎಷ್ಟು ಜನ ಬರುತ್ತಾರೆ ನೋಡು. ಅಲ್ಲಿಗೆ ಬಂದವರು ಅವತ್ತಿನ ಕೂಲಿ ಬಿಟ್ಟು ಬಂದಿರುತ್ತಾರೆ, ಅದನ್ನೂ ಸೇರಿಸು. ಬಸ್ ಚಾರ್ಜು, ಚಹಾ, ‘ಫಾರಂ ತಪ್ಪಾಗಿದೆ, ಮತ್ತೆ ಬಾ’ ಅಂದಿದ್ದಕ್ಕೆ ಎರಡನೇ ಸಲದ ಬಸ್ ಚಾರ್ಜು. ಆಮೇಲೆ ತಿಂಗಳಿಗೆ, ವರ್ಷಕ್ಕೆ ಗುಣಿಸು. ಆ ದುಡ್ಡು ಈಗಾಗಲೇ ಖರ್ಚಾಗುತ್ತಲೇ ಇದೆ, ಯಾರ ಬಜೆಟ್ಟಿನಲ್ಲೂ ಕಾಣುತ್ತಿಲ್ಲ ಅಷ್ಟೇ.

ಲೆಕ್ಕ ಬರೆದಿಟ್ಟುಕೋ. ಸ್ಪರ್ಧೆ ಮುಗಿದೇ ಹೋಯಿತಲ್ಲ ಸರ್ ಅಂತೀಯಾ? ಮುಂದಿನ ವರ್ಷವೂ ಇದೇ ವಿಷಯ ಕೊಡುತ್ತಾರೆ, ನೋಡ್ತಿರು.